ಹೃದಯದಲ್ಲಿ ಬರೆದ ಕಟ್ಟಳೆ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಜರುಗಿದ ಭಕ್ತಾದಿಗಳ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪಾಠ)



ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ದೇವಾಲಯಕ್ಕೆ ಅಡಿಗಲ್ಲನ್ನು ಇರಿಸಿದಾಗ ಹೆಬ್ಬಾಳ, ಯಲಹಂಕ, ಯಶವಂತಪುರಗಳು ಬೆಂಗಳೂರು ಪಟ್ಟಣದ ಹೊರಗಿನ ಊರುಗಳಾಗಿದ್ದವು. ಸುತ್ತಲೂ ರಾಗಿಯ ಹೊಲ, ಕೆರೆಯ ಕೆಳಗೆ ತೋಟ. ಇಂದು ಅದೇ ನೆಲದ ಮೇಲೆ ಮೇಲುಸೇತುವೆಗಳೂ ಬಹುಮಹಡಿ ವಸತಿಗಳೂ ಎದ್ದು ನಿಂತಿವೆ. ೨೦೦೮ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲಂತೂ ಈ ಸೀಮೆಯ ಮುಖಚರ್ಯೆಯೇ ಬದಲಾಯಿತು. ನಮ್ಮ ಒಂದು ಕಥೋಲಿಕ ಕುಟುಂಬದ ಎಡಬದಿಯ ಮನೆಯಲ್ಲಿ ಲಿಂಗಾಯತರು, ಬಲಬದಿಯಲ್ಲಿ ಮುಸಲ್ಮಾನರು, ಎದುರು ಮನೆಯಲ್ಲಿ ಜೈನರು ಇರುವುದು ಇಂದು ಸರ್ವಸಾಮಾನ್ಯ ಸಂಗತಿ.

ಇಂಥ ನೆರೆಹೊರೆಯ ನಡುವೆ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ. ಸತ್ಯ, ಕರುಣೆ, ನ್ಯಾಯ, ಕ್ಷಮೆ, ಪಿತೃಭಕ್ತಿ, ದಾಂಪತ್ಯನಿಷ್ಠೆ ಮೊದಲಾದ ನೈತಿಕ ಮೌಲ್ಯಗಳು ಕ್ರೈಸ್ತರಾದ ನಮಗೇ ಮೀಸಲಾದ ಆಸ್ತಿಯೋ, ಅಥವಾ ಸಕಲ ಜನಾಂಗಗಳಿಗೂ ಸೇರಿದ ಸೊತ್ತೋ?

ಈ ಪ್ರಶ್ನೆಗೆ ನಮ್ಮ ಧರ್ಮಕೇಂದ್ರದಲ್ಲಿಯೇ ಎರಡು ಬಗೆಯ ಉತ್ತರಗಳನ್ನು ನಾವು ಕೇಳುತ್ತಾ ಬಂದಿದ್ದೇವೆ. ಹಿರಿಯರಲ್ಲಿ ಕೆಲವರು, ದಶಾಜ್ಞೆಗಳೂ ಶುಭಸಂದೇಶವೂ ಇಲ್ಲದ ಕಡೆ ನಿಜವಾದ ನೀತಿ ಹೇಗೆ ಇದ್ದೀತು ಎನ್ನುತ್ತಾರೆ. ಕಿರಿಯರು ಬೇರೊಂದು ಮಾತನ್ನು ಹೇಳುತ್ತಾರೆ: ನಮ್ಮ ಕಚೇರಿಯ ಸಹೋದ್ಯೋಗಿ ಎಂದೂ ದೇವಾಲಯದ ಹೊಸ್ತಿಲು ತುಳಿದವನಲ್ಲ, ಆದರೂ ಅವನ ಪ್ರಾಮಾಣಿಕತೆ ನಮಗಿಂತ ಮೇಲು; ಒಳ್ಳೆಯತನ ಎಲ್ಲೆಡೆಯೂ ಸಿಗುವುದಾದರೆ ಭಾನುವಾರದ ಬಲಿಪೂಜೆ, ಪಾಪನಿವೇದನೆ, ಧರ್ಮೋಪದೇಶ ಇವೆಲ್ಲ ಏತಕ್ಕೆ? ಮೊದಲನೆಯ ಮಾತಿನಲ್ಲಿ ನೆರೆಯವರ ಬಗ್ಗೆ ಅನಾದರವಿದೆ; ಎರಡನೆಯದರಲ್ಲಿ ವಿಶ್ವಾಸವನ್ನೇ ಕೈಬಿಡುವ ಅಪಾಯವಿದೆ. ಆದುದರಿಂದ ಈ ವಿಷಯವನ್ನು ಕುರಿತು ನಾವು ಸಾವಧಾನವಾಗಿ ಆಲೋಚಿಸುವುದು ಅಗತ್ಯ.

ಮೊದಲನೆಯದಾಗಿ, ಪವಿತ್ರ ಗ್ರಂಥವು ಏನು ಹೇಳುತ್ತದೆ ಎಂಬುದನ್ನು ನೋಡೋಣ. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ, ಮೋಶೆಯ ಧರ್ಮಶಾಸ್ತ್ರವನ್ನು ಅರಿಯದ ಅನ್ಯಜನರೂ ಆ ಶಾಸ್ತ್ರವು ವಿಧಿಸಿದ್ದನ್ನು ಸ್ವಭಾವತಃ ಮಾಡುವುದುಂಟೆಂದೂ, ಅದರ ಸಾರವು ಅವರ ಹೃದಯಗಳಲ್ಲಿಯೇ ಬರೆದಿದೆಯೆಂದೂ, ಅವರ ಮನಸ್ಸಾಕ್ಷಿಯೇ ಅದಕ್ಕೆ ಸಾಕ್ಷಿಯೆಂದೂ ಬೋಧಿಸುತ್ತಾರೆ. ಯೇಸುಸ್ವಾಮಿಯವರೂ ಪರ್ವತ ಪ್ರಬೋಧನೆಯಲ್ಲಿ, ಇತರರು ನಮಗೆ ಏನು ಮಾಡಬೇಕೆಂದು ಬಯಸುತ್ತೇವೆಯೋ ಅದನ್ನೇ ನಾವು ಅವರಿಗೆ ಮಾಡಬೇಕೆಂದು ಕಲಿಸಿದಾಗ, ಅದನ್ನು ಹೊಸದೆಂದು ಸಾರಲಿಲ್ಲ. ಧರ್ಮಶಾಸ್ತ್ರದ ಮತ್ತು ಪ್ರವಾದಿಗಳ ಉಪದೇಶದ ಸಾರವೇ ಅದೆಂದು ತಿಳಿಸಿದರು. ಅದೇ ಪ್ರಬೋಧನೆಯಲ್ಲಿ, ತಮ್ಮನ್ನು ಪ್ರೀತಿಸುವವರನ್ನು ಪ್ರೀತಿಸುವುದು ಸುಂಕದವರಿಗೂ ಸಾಧ್ಯ, ತಮ್ಮವರನ್ನು ವಂದಿಸುವುದನ್ನು ಅನ್ಯಜನರೂ ಬಲ್ಲರು ಎನ್ನುತ್ತಾರೆ. ಒಳ್ಳೆಯತನವು ಒಂದು ಜನಾಂಗದ ಸ್ವತ್ತಲ್ಲವೆಂದು ಪ್ರಭುವೇ ಒಪ್ಪಿಕೊಂಡ ಮೇಲೆ ನಾವು ಅದನ್ನು ಅಲ್ಲಗಳೆಯುವುದು ಯುಕ್ತವಲ್ಲ.

ಎರಡನೆಯದಾಗಿ, ನಮ್ಮ ನಾಡಿನ ಕಡೆಗೆ ಕಣ್ಣು ಹಾಯಿಸೋಣ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಬಂಡೆಶಾಸನವಿದೆ. ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಅದನ್ನು ಬೆಳಕಿಗೆ ತಂದರು. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದೃಢವಾದ ದಯೆಯಿರಬೇಕು, ಸತ್ಯವನ್ನೇ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಬಂಧುಗಳಲ್ಲಿ ಯೋಗ್ಯವಾಗಿ ನಡೆದುಕೊಳ್ಳಬೇಕು ಎಂಬುದೇ ಅದರ ಉಪದೇಶ. ಅದು ಪ್ರಭು ಯೇಸುವಿನ ಜನನಕ್ಕೆ ಸುಮಾರು ೨೫೦ ವರ್ಷಗಳ ಮೊದಲು ಕೊರೆದ ಶಾಸನ. ಕನ್ನಡ ನಾಡಿನ ಬಂಡೆಯ ಮೇಲೆ ನಾಲ್ಕನೆಯ ಆಜ್ಞೆಯ ತಿರುಳನ್ನು ಕೊರೆದವನು ಬುದ್ಧನ ಅನುಯಾಯಿಯಾದ ಅರಸ!

ಕ್ರಿ.ಶ. ೮೫೦ರ ಸುಮಾರಿನಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತೆಂಬ ಆಶಯವು ಅದರಲ್ಲಿದೆ. ಹನ್ನೆರಡನೆಯ ಶತಮಾನದ ಬಸವಣ್ಣನವರು, ಕಳವು, ಕೊಲೆ, ಸುಳ್ಳು, ಕೋಪ, ಅನ್ಯರ ಬಗೆಗಿನ ಹೇಸಿಕೆ, ಆತ್ಮಸ್ತುತಿ, ಪರನಿಂದೆ ಇವನ್ನು ತೊರೆಯುವುದೇ ಅಂತರಂಗದ ಮತ್ತು ಬಹಿರಂಗದ ಶುದ್ಧಿಯೆಂದು ಸಾರಿದರು. ಈ ಪಟ್ಟಿಯನ್ನು ದಶಾಜ್ಞೆಗಳ ಪಕ್ಕದಲ್ಲಿರಿಸಿ ಓದಿದರೆ ಅವುಗಳ ಸಾಮ್ಯ ಯಾರಿಗಾದರೂ ಗೋಚರಿಸುತ್ತದೆ. ೧೩೬೮ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ, ವಿಜಯನಗರದ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತುದನ್ನು ಶ್ರವಣಬೆಳಗೊಳದ ಶಾಸನವು ಸಾರುತ್ತಿದೆ.

ಇನ್ನು ನಮ್ಮ ಹೆಬ್ಬಾಳದಲ್ಲಿಯೇ ದೊರೆತ ವೀರಗಲ್ಲಿನ ಮಾತು. ಗಂಗರ ದೊರೆ ಶ್ರೀಪುರುಷನ ಕಾಲದ, ಅಂದರೆ ಕ್ರಿ.ಶ. ೭೫೦ರ ಸುಮಾರಿನ ಈ ಕಲ್ಲು, ಬೆಂಗಳೂರಿನಲ್ಲಿ ಸಿಕ್ಕಿರುವ ಅತಿ ಪ್ರಾಚೀನ ಕನ್ನಡ ಶಾಸನಗಳಲ್ಲೊಂದು. ದಾಳಿಯನ್ನು ಎದುರಿಸಿ ಹೋರಾಡಿ ಮಡಿದ ಕಿತ್ತಯ್ಯನೆಂಬ ವೀರನ ಹೆಸರನ್ನು ಅದು ಉಳಿಸಿದೆ. ರಣರಂಗದ ಸಾವು ಬೇರೆ, ಶಿಲುಬೆಯ ಬಲಿ ಬೇರೆ, ನಿಜ. ಆದರೂ ತನ್ನವರಿಗಾಗಿ ಪ್ರಾಣ ಕೊಟ್ಟವನನ್ನು ಮರೆಯಬಾರದೆಂಬ ಅರಿವು, ಈ ಸೀಮೆಯಲ್ಲಿ ಮೊದಲ ದೇವಾಲಯದ ಗಂಟೆ ಮೊಳಗುವುದಕ್ಕಿಂತ ಎಷ್ಟೋ ಶತಮಾನಗಳ ಮುಂಚೆಯೇ ಇಲ್ಲಿನ ಜನರ ಹೃದಯದಲ್ಲಿತ್ತು.

ಮೂರನೆಯದಾಗಿ, ನಮ್ಮ ಧರ್ಮಸಭೆಯ ಬೋಧನೆ. ಎರಡನೆಯ ಶತಮಾನದ ರಕ್ತಸಾಕ್ಷಿ ಸಂತ ಜಸ್ಟಿನರು, ಗ್ರೀಕರ ಜ್ಞಾನಿಗಳಲ್ಲಿಯೂ ದಿವ್ಯವಾಣಿಯ ಬೀಜಗಳು ಬಿತ್ತಲ್ಪಟ್ಟಿದ್ದವೆಂದು ಬರೆದರು. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು, ಬುದ್ಧಿಯುಳ್ಳ ಮಾನವನು ದೇವರ ನಿತ್ಯ ನಿಯಮದಲ್ಲಿ ಪಾಲುಗಾರನಾಗಿರುವುದನ್ನೇ ನೈಸರ್ಗಿಕ ಧರ್ಮವೆಂದು ಕರೆದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು ೧೯೬೫ರ ಅಕ್ಟೋಬರ್ ೨೮ರಂದು ಹೊರಡಿಸಿದ ಘೋಷಣೆಯಲ್ಲಿ, ಇತರ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆಯು ತಿರಸ್ಕರಿಸುವುದಿಲ್ಲವೆಂದು ಸ್ಪಷ್ಟಪಡಿಸಿತು. ೨೦೦೯ರಲ್ಲಿ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು ನೈಸರ್ಗಿಕ ಧರ್ಮವನ್ನು ಕುರಿತು ಪ್ರಕಟಿಸಿದ ಗ್ರಂಥವು, ಹಿಂದೂ, ಬೌದ್ಧ, ಚೀನೀ, ಇಸ್ಲಾಂ ಪರಂಪರೆಗಳ ನೀತಿಯನ್ನು ಗೌರವದಿಂದ ಪರಾಮರ್ಶಿಸಿದ ಬಳಿಕವೇ ಮುಂದೆ ಸಾಗುತ್ತದೆ.

ನಮ್ಮ ಶಾಲೆಗಳನ್ನೇ ನೋಡಿರಿ. ಕಥೋಲಿಕ ಮಕ್ಕಳು ಧರ್ಮೋಪದೇಶದ ತರಗತಿಗೆ ಹೋಗುವ ಹೊತ್ತಿನಲ್ಲಿ ಇತರ ಮಕ್ಕಳು ನೀತಿಬೋಧೆಯ ತರಗತಿಯಲ್ಲಿ ಕುಳಿತಿರುತ್ತಾರೆ. ಈ ವ್ಯವಸ್ಥೆಯನ್ನು ಏರ್ಪಡಿಸಿದ ಗುರುಗಳೂ ಕನ್ಯಾಸ್ತ್ರೀಯರೂ ಒಂದು ಸತ್ಯವನ್ನು ಬಲ್ಲವರಾಗಿದ್ದರು. ದೀಕ್ಷಾಸ್ನಾನವಿಲ್ಲದ ಮಗುವಿನ ಹೃದಯದಲ್ಲಿಯೂ ಸತ್ಯಕ್ಕೆ, ದಯೆಗೆ ಓಗೊಡುವ ಶಕ್ತಿಯಿದೆ. ಅದನ್ನು ದೇವರೇ ಅಲ್ಲಿ ಇರಿಸಿದ್ದಾರೆ.

ಇದನ್ನು ನಮ್ಮ ಕೆರೆಗಳ ದೃಷ್ಟಾಂತದಿಂದ ತಿಳಿಯಬಹುದು. ಯಲಹಂಕದ ಕೆರೆ ತುಂಬಿದರೆ ಕೋಡಿ ಹರಿದು ಜಕ್ಕೂರಿಗೆ, ಅಲ್ಲಿಂದ ರಾಚೇನಹಳ್ಳಿಗೆ. ಹೆಬ್ಬಾಳದ ನೀರು ನಾಗವಾರಕ್ಕೆ. ಕಡೆಗೆ ಎಲ್ಲವೂ ಎಲೆ ಮಲ್ಲಪ್ಪ ಶೆಟ್ಟರ ಕೆರೆಯ ಕಡೆಗೆ. ಕೆರೆಗಳು ಬೇರೆ ಬೇರೆ, ಹೆಸರುಗಳು ಬೇರೆ ಬೇರೆ, ಸುರಿಯುವ ಮಳೆ ಮಾತ್ರ ಒಂದೇ ಆಕಾಶದ್ದು. ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆಗರೆಯುವ ತಂದೆಯನ್ನು ಕುರಿತು ಪ್ರಭು ಹೇಳಿದ ಮಾತು ಇಲ್ಲಿ ನೆನಪಾಗುತ್ತದೆ. ಅಂದಹಾಗೆ, ಆ ಕೊನೆಯ ಕೆರೆಯನ್ನು ಕಟ್ಟಿಸಿದ ಮಲ್ಲಪ್ಪ ಶೆಟ್ಟರು ವೀಳ್ಯದೆಲೆಯ ವ್ಯಾಪಾರಿಗಳು. ಬೆಂಗಳೂರಿಗೆ ನೀರಿನ ಬರ ಬಂದಾಗ ವ್ಯಾಪಾರದಲ್ಲಿ ಗಳಿಸಿದ ಹಣವನ್ನು ಅವರು ಜನರ ನೀರಿಗಾಗಿ ವಿನಿಯೋಗಿಸಿದರು. ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು ೧೮೮೬ರಲ್ಲಿ ಬೆಂಗಳೂರಿನಲ್ಲಿ ಸಂತ ಮಾರ್ತಮ್ಮನವರ ಆಸ್ಪತ್ರೆಯನ್ನು ತೆರೆದು ರೋಗಿಗಳ ಶುಶ್ರೂಷೆಗೆ ನಿಂತರು. ಬಾಯಾರಿದವರನ್ನೂ ರೋಗಿಗಳನ್ನೂ ಕುರಿತು ಮತ್ತಾಯರ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯ ಹೇಳುವುದನ್ನು ಇಬ್ಬರೂ ನೆರವೇರಿಸಿದರು. ಒಬ್ಬರು ಅದನ್ನು ಓದಿ, ಮತ್ತೊಬ್ಬರು ಹೃದಯದ ಕರೆಗೆ ಓಗೊಟ್ಟು.

ಹಾಗಾದರೆ ಎಲ್ಲ ಜನಾಂಗಗಳ ನಡತೆಯೂ ಒಂದೇ ಆಗಿರಬೇಕಿತ್ತಲ್ಲವೇ ಎಂದು ನೀವು ಕೇಳಬಹುದು. ಸಂತ ತೋಮಸರು ಇದಕ್ಕೂ ಉತ್ತರವಿತ್ತಿದ್ದಾರೆ. ಜೂಲಿಯಸ್ ಸೀಸರನ ಬರಹವನ್ನು ಆಧರಿಸಿ, ಪ್ರಾಚೀನ ಜರ್ಮನರಲ್ಲಿ ಕಳವನ್ನು ತಪ್ಪೆಂದು ಎಣಿಸುತ್ತಿರಲಿಲ್ಲವೆಂಬ ಉದಾಹರಣೆಯನ್ನು ಕೊಡುತ್ತಾರೆ. ದುಷ್ಟ ಪದ್ಧತಿಗಳಿಂದಲೂ ರಾಗದ್ವೇಷಗಳಿಂದಲೂ ಹೃದಯದ ಬರಹ ಮಸುಕಾಗಬಹುದೆಂಬುದು ಅವರ ಅಭಿಪ್ರಾಯ. ಆಕಾಶದ ನೀರು ಶುದ್ಧವೇ. ಆದರೆ ನಮ್ಮ ಕೆರೆಗಳಿಗೆ ಊರಿನ ಕೊಳಚೆ ಸೇರಿದಾಗ ಏನಾಯಿತೆಂಬುದನ್ನು ನೀವೇ ಕಂಡಿದ್ದೀರಿ. ಹೂಳು ತುಂಬದ ಕೆರೆಯಿಲ್ಲ. ಕಾಲಕಾಲಕ್ಕೆ ಶುದ್ಧಿ ಬೇಡದ ಮನಸ್ಸಾಕ್ಷಿಯೂ ಇಲ್ಲ.

ಈ ಹೂಳು ಇತರರ ಕೆರೆಯಲ್ಲಿ ಮಾತ್ರ ಇದೆಯೆಂದು ನಾವು ಭಾವಿಸಬಾರದು. ೧೪೫೨ರಲ್ಲಿ ಜಗದ್ಗುರು ಐದನೆಯ ನಿಕೋಲಾಸರು ಪೋರ್ಚುಗಲ್ಲಿನ ದೊರೆಗೆ ಅನ್ಯಮತೀಯರನ್ನು ದಾಸ್ಯಕ್ಕೆ ಒಳಪಡಿಸಲು ಅನುಮತಿಯಿತ್ತರು. ಕೆಂಪೇಗೌಡರು ಬೆಂಗಳೂರು ನಗರಕ್ಕೆ ಬುನಾದಿ ಹಾಕಿದರೆನ್ನಲಾಗುವ ೧೫೩೭ನೆಯ ವರ್ಷದಲ್ಲಿಯೇ ಜಗದ್ಗುರು ಮೂರನೆಯ ಪೌಲರು, ಅಮೇರಿಕಾದ ಮೂಲನಿವಾಸಿಗಳ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಕಸಿಯಲಾಗದೆಂದು ಘೋಷಿಸಿದರು. ಆದರೂ ಕ್ರೈಸ್ತ ರಾಷ್ಟ್ರಗಳ ಗುಲಾಮರ ವ್ಯಾಪಾರ ಶತಮಾನಗಳ ಕಾಲ ನಡೆಯಿತು. ೨೦೨೩ರ ಮಾರ್ಚಿಯಲ್ಲಿ ವ್ಯಾಟಿಕನ್, ಆ ಹಳೆಯ ಆದೇಶಗಳ ಆಧಾರದ ಮೇಲೆ ಬೆಳೆದ ಸಿದ್ಧಾಂತವನ್ನು ವಿಧಿವತ್ತಾಗಿ ನಿರಾಕರಿಸಿತು.

ನಮ್ಮ ದೇಶದ ಮಾತನ್ನೂ ಆಡೋಣ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ವಿವಾಹ ನಡೆದುದಕ್ಕಾಗಿ ಆ ಇಬ್ಬರು ತಂದೆಯರಿಗೂ ಮರಣದಂಡನೆಯಾಯಿತೆಂದು ಶರಣ ಪರಂಪರೆ ಹೇಳುತ್ತದೆ. ಜಾತಿಯ ಗೋಡೆಯನ್ನು ಒಡೆಯಲು ಶರಣರು ಪ್ರಾಣವನ್ನೇ ತೆತ್ತರು. ಕ್ರಿಸ್ತರಲ್ಲಿ ಯೆಹೂದ್ಯನೆಂದೂ ಗ್ರೀಕನೆಂದೂ, ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲವೆಂಬ ಬೋಧನೆಯನ್ನು ಎರಡು ಸಾವಿರ ವರ್ಷಗಳಿಂದ ಓದುತ್ತಿರುವ ನಮ್ಮಲ್ಲಿ ಸ್ಥಿತಿ ಹೇಗಿದೆ? ೨೦೧೬ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ದಲಿತರ ಸಬಲೀಕರಣವನ್ನು ಕುರಿತ ನೀತಿಯನ್ನು ಪ್ರಕಟಿಸಿ, ಧರ್ಮಸಭೆಯೊಳಗೂ ಅಸ್ಪೃಶ್ಯತೆಯ ಆಚರಣೆ ಉಳಿದಿದೆಯೆಂದು ಒಪ್ಪಿಕೊಳ್ಳಬೇಕಾಯಿತು. ಮಗನಿಗೋ ಮಗಳಿಗೋ ಸಂಬಂಧ ನೋಡುವಾಗ, ಅವರು ಕಥೋಲಿಕರು ಹೌದು, ಆದರೆ ಯಾವ ಜನ ಎಂದು ಕೇಳುವ ಮಾತು ನಮ್ಮ ಮನೆಗಳಲ್ಲಿ ನಿಂತಿದೆಯೇ? ಈ ಪ್ರಶ್ನೆಯನ್ನು ಪ್ರತಿಯೊಂದು ಕುಟುಂಬವೂ ತನ್ನನ್ನು ತಾನೇ ಕೇಳಿಕೊಳ್ಳಲಿ. ಮೌಲ್ಯಗಳು ನಮ್ಮ ಸೊತ್ತೆಂದು ಹೆಮ್ಮೆಪಡುವವರಿಗೆ ಶರಣರ ಸಾವು ಸಾಕಷ್ಟು ಉತ್ತರವನ್ನು ಕೊಡುತ್ತದೆ.

ನಮ್ಮ ಗ್ರಂಥದ ಪುಟವನ್ನು ನೆರೆಯವರೇ ನಮಗೆ ಓದಿ ತೋರಿಸಿದ್ದೂ ಉಂಟು. ಮಹಾತ್ಮಾ ಗಾಂಧಿಯವರು ೧೯೨೭ರಲ್ಲಿ ಅನಾರೋಗ್ಯದ ತರುವಾಯ, ನಮ್ಮ ಸೀಮೆಗೆ ಬಲು ದೂರವಲ್ಲದ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದರು. ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಓದಿದ ಪರ್ವತ ಪ್ರಬೋಧನೆ ನೇರವಾಗಿ ತಮ್ಮ ಹೃದಯವನ್ನು ಮುಟ್ಟಿತೆಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಮುಂದೆ ಅಮೇರಿಕಾದಲ್ಲಿ ಕ್ರೈಸ್ತ ಬೋಧಕ ಮಾರ್ಟಿನ್ ಲೂಥರ್ ಕಿಂಗರು, ಶತ್ರುವನ್ನು ಪ್ರೀತಿಸುವ ಮಾರ್ಗವನ್ನು ಸಮಾಜದಲ್ಲಿ ಆಚರಿಸುವ ವಿಧಾನವನ್ನು ಗಾಂಧಿಯವರಿಂದ ಕಲಿತರು.

ಹಾಗಾದರೆ ನಮ್ಮ ಕಿರಿಯರ ಪ್ರಶ್ನೆ ಉಳಿಯಿತು: ಎಲ್ಲವೂ ಎಲ್ಲೆಡೆಯೂ ಇರುವುದಾದರೆ ಕ್ರೈಸ್ತರಾಗಿರುವುದರ ವಿಶೇಷವೇನು? ಇದಕ್ಕೆ ಉತ್ತರ ಹೇಳುವ ಮುನ್ನ ಒಂದು ಚಾರಿತ್ರಿಕ ಘಟನೆಯನ್ನು ನೆನೆಯೋಣ. ೧೯೪೮ರ ಡಿಸೆಂಬರ್ ೧೦ರಂದು ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಅದನ್ನು ರೂಪಿಸಿದವರಲ್ಲಿ ಲೆಬನಾನಿನ ಕ್ರೈಸ್ತ ಚಾರ್ಲ್ಸ್ ಮಲಿಕ್, ಚೀನಾದ ಪಿ. ಸಿ. ಚಾಂಗ್, ನಮ್ಮ ದೇಶದ ಹಂಸಾ ಮೆಹ್ತಾ ಮೊದಲಾದವರಿದ್ದರು. ಆ ಪ್ರಯತ್ನದ ಕಾಲದಲ್ಲಿ ಕಥೋಲಿಕ ತತ್ತ್ವಜ್ಞಾನಿ ಜಾಕ್ ಮಾರಿತೇನರು ಒಂದು ಸಂಗತಿಯನ್ನು ಗುರುತಿಸಿದರು. ಹಕ್ಕುಗಳ ಪಟ್ಟಿಯಲ್ಲಿ ಎಲ್ಲರಿಗೂ ಸಮ್ಮತಿಯಿತ್ತು. ಏಕೆ ಎಂದು ಕೇಳಿದೊಡನೆ ಭಿನ್ನಾಭಿಪ್ರಾಯ ತಲೆದೋರುತ್ತಿತ್ತು. ಏನು ಮಾಡಬೇಕೆಂಬುದರಲ್ಲಿ ಲೋಕವು ಬಹುಮಟ್ಟಿಗೆ ಒಂದು. ಏಕೆ ಮಾಡಬೇಕು, ಯಾವ ಬಲದಿಂದ ಮಾಡಬೇಕು ಎಂಬಲ್ಲಿ ವಿಶ್ವಾಸದ ಮಾತು ಆರಂಭವಾಗುತ್ತದೆ.

ಕ್ರೈಸ್ತ ವಿಶ್ವಾಸವು ಮೂಲತಃ ಸದಾಚಾರಗಳ ಪಟ್ಟಿಯಲ್ಲ. ಅದು ಒಬ್ಬ ವ್ಯಕ್ತಿಯನ್ನು, ಪ್ರಭು ಯೇಸುಕ್ರಿಸ್ತರನ್ನು, ಅರಿತು ಹಿಂಬಾಲಿಸುವುದು. ಕಡೆಯ ಭೋಜನದಲ್ಲಿ ಅವರು ಹೊಸ ಆಜ್ಞೆಯನ್ನು ಕೊಟ್ಟರು. ಪ್ರೀತಿಸಿರಿ ಎಂಬುದು ಹಳೆಯ ಮಾತೇ; ತಾವು ಪ್ರೀತಿಸಿದಂತೆ ಪ್ರೀತಿಸಿರಿ ಎಂಬ ಅಳತೆ ಹೊಸದು. ಆ ಅಳತೆ ಶಿಲುಬೆ. ಅದಲ್ಲದೆ, ನೀತಿಯು ದಾರಿಯನ್ನು ತೋರಿಸುತ್ತದೆ. ಬಿದ್ದವನನ್ನು ಅದೊಂದೇ ಎಬ್ಬಿಸಲಾರದು. ತಾನು ಬಯಸುವ ಒಳಿತನ್ನು ಮಾಡಲಾರದೆ, ಬಯಸದ ಕೆಡುಕನ್ನೇ ಮಾಡುತ್ತಿರುವೆನೆಂದು ಸಂತ ಪೌಲರಂಥವರೇ ನೊಂದುಕೊಂಡರು. ಆ ಸಂಕಟದಲ್ಲಿ ನಮಗೆ ದೊರೆಯುವುದು ದೈವಕೃಪೆ, ಪಾಪಕ್ಷಮೆ, ಪರಮಪ್ರಸಾದದ ಬಲ. ಬಲಿಪೂಜೆಗೆ ನಾವು ಬರುವುದು ನೆರೆಯವನಿಗಿಂತ ಮೇಲಾದವರೆಂದಲ್ಲ. ಈ ಕೃಪೆಯಿಲ್ಲದೆ ನಿಲ್ಲಲಾರೆವೆಂದು.

ಈ ಕೃಪೆಯು ಏನನ್ನು ಮಾಡಬಲ್ಲುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಸಾಕ್ಷಿಯಿದೆ. ಮಧ್ಯಪ್ರದೇಶದ ಇಂದೋರ್ ಸೀಮೆಯಲ್ಲಿ ಬಡ ರೈತರಿಗಾಗಿ ದುಡಿಯುತ್ತಿದ್ದ ಸಿಸ್ಟರ್ ರಾಣಿ ಮರಿಯಾ ಅವರನ್ನು ೧೯೯೫ರ ಫೆಬ್ರವರಿ ೨೫ರಂದು ಬಸ್ಸಿನಿಂದ ಎಳೆದು ಇರಿದು ಕೊಂದರು. ಕೊಂದವನು ಸಮಂದರ್ ಸಿಂಗ್. ೨೦೦೨ರಲ್ಲಿ ಅವರ ತಂಗಿ ಸಿಸ್ಟರ್ ಸೆಲ್ಮಿ ಪೌಲ್ ಸೆರೆಮನೆಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿ, ಅವನನ್ನು ತಮ್ಮ ಸಹೋದರನೆಂದು ಸ್ವೀಕರಿಸಿದರು. ಅವರ ತಾಯಿಯೂ ಅವನನ್ನು ಕ್ಷಮಿಸಿ, ತನ್ನ ಮಗಳ ರಕ್ತ ಹತ್ತಿದ ಕೈಗಳನ್ನು ಮುದ್ದಿಟ್ಟರು. ೨೦೧೭ರ ನವೆಂಬರ್ ೪ರಂದು ರಾಣಿ ಮರಿಯಾ ಅವರನ್ನು ಇಂದೋರಿನಲ್ಲಿ ಪುನೀತೆಯೆಂದು ಘೋಷಿಸಲಾಯಿತು. ಇಲ್ಲಿ ಒಂದು ಅಂಶವನ್ನು ಗಮನಿಸಿರಿ. ಕ್ಷಮಿಸುವ ಬಲ ಬಂದದ್ದು ಶಿಲುಬೆಯಿಂದ. ಆ ಕ್ಷಮೆಯನ್ನು ಹೊತ್ತು ತಂದದ್ದು ನಮ್ಮ ನೆರೆಯವರ ಹಬ್ಬದ ಒಂದು ದಾರ. ಹಂಚಿಕೊಂಡ ಸಂಸ್ಕೃತಿಯೂ ಕ್ರಿಸ್ತರ ಕೃಪೆಯೂ ಒಂದಕ್ಕೊಂದು ವೈರಿಗಳಲ್ಲ.

ಆದುದರಿಂದ ಈ ಶತಮಾನೋತ್ಸವದಲ್ಲಿ ನಿಮ್ಮ ಮುಂದೆ ಮೂರು ಸಂಕಲ್ಪಗಳನ್ನು ಇಡಲು ಇಚ್ಛಿಸುತ್ತೇವೆ.

ಒಂದು: ನಮ್ಮ ಮನೆಗಳಲ್ಲಿ, ವಿಶೇಷವಾಗಿ ಮಕ್ಕಳ ಎದುರಿನಲ್ಲಿ, ಇತರ ಧರ್ಮದವರ ದೇವರನ್ನಾಗಲಿ ಆಚಾರವನ್ನಾಗಲಿ ಹೀಯಾಳಿಸುವ ಮಾತು ಬಾರದಿರಲಿ. ನೆರೆಯವನ ಸದ್ಗುಣವನ್ನು ಕಂಡಾಗ ಅದನ್ನು ಬಿತ್ತಿದ ದೇವರನ್ನು ಸ್ತುತಿಸೋಣ. ಭಿನ್ನಧರ್ಮದ ವಿವಾಹವಾದ ಮನೆಗಳಲ್ಲಿ ಅತ್ತೆಮಾವಂದಿರು ಸೊಸೆಯನ್ನೋ ಅಳಿಯನನ್ನೋ ಕೊರತೆಯುಳ್ಳವರಂತೆ ಕಾಣದಿರಲಿ.

ಎರಡು: ಜಾತಿಯ ಪ್ರಶ್ನೆ ನಮ್ಮ ಸಂಬಂಧಗಳಿಂದಲೂ ಸಂಘಗಳಿಂದಲೂ ಸ್ಮಶಾನದಿಂದಲೂ ದೂರವಾಗಲಿ. ಹೆಚ್ಚು ಕೊಡಲ್ಪಟ್ಟವನಿಂದ ಹೆಚ್ಚು ಕೇಳಲಾಗುವುದೆಂಬುದು ಪ್ರಭುವಿನ ಎಚ್ಚರಿಕೆ. ಮೌಲ್ಯಗಳು ಎಲ್ಲರವಾದರೆ, ಲೆಕ್ಕ ಒಪ್ಪಿಸುವ ಹೊಣೆ ಮೊದಲು ನಮ್ಮದು.

ಮೂರು: ಒಳಿತನ್ನು ಮಾಡುವಾಗ ಒಂಟಿಯಾಗಿ ಮಾಡದಿರೋಣ. ಕೆರೆಯ ರಕ್ಷಣೆಯಾಗಲಿ, ವಲಸೆ ಬಂದ ಕೂಲಿಕಾರರ ಮಕ್ಕಳ ವಿದ್ಯೆಯಾಗಲಿ, ಒಂಟಿ ವೃದ್ಧರ ಆರೈಕೆಯಾಗಲಿ, ನೆರೆಯವರೊಡನೆ ಕೈಗೂಡಿಸೋಣ. ದಿವಂಗತ ಜಗದ್ಗುರು ಫ್ರಾನ್ಸಿಸರು ೨೦೨೦ರ ವಿಶ್ವಪತ್ರದಲ್ಲಿ ಸದಯ ಸಮಾರಿಯದವನ ಸಾಮತಿಯನ್ನು ವಿಸ್ತಾರವಾಗಿ ಧ್ಯಾನಿಸಿದ್ದಾರೆ. ಆ ಸಾಮತಿಯಲ್ಲಿ ಗಾಯಾಳುವನ್ನು ಕಂಡೂ ದಾಟಿ ಹೋದವರು ದೇವಾಲಯದ ಸೇವಕರು. ಬಳಿಗೆ ಬಂದವನು ಪರಧರ್ಮದವನೆಂದು ಹೀನೈಸಲ್ಪಟ್ಟವನು. ಪ್ರಭು ಆತನನ್ನೇ ನಮಗೆ ಗುರುವಾಗಿ ತೋರಿಸಿದರು.

ನೂರು ವರ್ಷಗಳ ಹಿಂದೆ ತಮ್ಮ ಬಡತನದಲ್ಲಿಯೂ ಕಲ್ಲು ಹೊತ್ತು ಈ ದೇವಾಲಯವನ್ನು ಕಟ್ಟಿದ ಹಿರಿಯರ ಆತ್ಮಗಳಿಗೆ ದೇವರು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ. ಸಕಲ ಜನಾಂಗಗಳ ಹೃದಯದಲ್ಲಿ ತಮ್ಮ ಕಟ್ಟಳೆಯನ್ನು ಬರೆದಿರುವ ತಂದೆಯಾದ ದೇವರು, ಅದನ್ನು ಓದುವ ಕಣ್ಣನ್ನೂ ಅದರಂತೆ ನಡೆಯುವ ಬಲವನ್ನೂ ನಮಗೆ ಅನುಗ್ರಹಿಸಲಿ. ಪವಿತ್ರ ಕನ್ಯಾಮಾತೆಯ ಬಿನ್ನಹದಿಂದ ನಿಮ್ಮ ಕುಟುಂಬಗಳಲ್ಲಿಯೂ, ನಿಮ್ಮ ನೆರೆಯವರೆಲ್ಲರ ಕುಟುಂಬಗಳಲ್ಲಿಯೂ ಶಾಂತಿ ನೆಲೆಸಲಿ. ಸರ್ವಶಕ್ತ ದೇವರು ನಿಮ್ಮೆಲ್ಲರನ್ನು ಆಶೀರ್ವದಿಸಲಿ. ಆಮೆನ್.